ಕತ್ತು ನೋಯದ, ಕಣ್ಣಿಗೆ ಬೀಳದ ಕ್ಯಾಮೆರಾ ಸ್ಟ್ರಾಪ್: ಆರಿಸುವುದು ಹೇಗೆ, ದುಬಾರಿ ಸಾಮಾನು ಹೊರುವುದು ಹೇಗೆ

ಹೊಸ ಕ್ಯಾಮೆರಾದ ಡಬ್ಬದಲ್ಲಿ ಸಾಮಾನ್ಯವಾಗಿ ಒಂದು ಸ್ಟ್ರಾಪ್ ಇರುತ್ತದೆ. ಅದರ ಮೇಲೆ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿ, ಎಷ್ಟೋ ಸಲ ಮಾಡೆಲ್ ಹೆಸರು ಕೂಡ. ಅದನ್ನು ಹಾಕಿಕೊಂಡು ಹೊರಟರೆ ಕತ್ತಿಗೆ ಬೆಲೆಯ ಚೀಟಿ ನೇತುಹಾಕಿಕೊಂಡು ಓಡಾಡಿದ ಹಾಗೆ. ಕಾಣುವುದು ಬಿಡಿ, ಹಾಕಿಕೊಳ್ಳಲಾದರೂ ಹಿತವಾಗಿದೆಯಾ ಅಂದರೆ ಅದೂ ಇಲ್ಲ. ಅಂಚು ಒರಟು, ಕತ್ತಿನ ಹಿಂಭಾಗ ಉಜ್ಜುತ್ತದೆ, ಉದ್ದ ಬದಲಿಸಬೇಕೆಂದರೆ ಬಕಲ್ ಜೊತೆ ಗುದ್ದಾಡಬೇಕು. ಸ್ವಲ್ಪ ದಿನ ಸಹಿಸಿಕೊಂಡು ಆಮೇಲೆ ಎಲ್ಲರೂ ಬೇರೆ ಸ್ಟ್ರಾಪ್ ಹುಡುಕಲು ಕೂರುತ್ತಾರೆ.

ಹುಡುಕುವಾಗ ಮೊದಲು ಸೆಳೆಯುವುದು ಬಣ್ಣ, ಚರ್ಮ, ಚಂದದ ಹೊಲಿಗೆ. ಇಷ್ಟವಾದದ್ದನ್ನು ತರಿಸಿಬಿಡುತ್ತೇವೆ. ನಮ್ಮ ಕ್ಯಾಮೆರಾದ ತೂಕಕ್ಕೆ ಅದು ಸರಿಯಾ, ಕ್ಯಾಮೆರಾಗೆ ಹೇಗೆ ಸಿಕ್ಕಿಸುವುದು ಅನ್ನುವ ಯೋಚನೆ ಬರುವುದು ಪಾರ್ಸೆಲ್ ಬಿಚ್ಚಿದ ಮೇಲೆ. ಈ ಕ್ರಮ ತಲೆಕೆಳಗು. ಮೊದಲು ತೂಕ, ಆಮೇಲೆ ಕೊಂಡಿ, ಕೊನೆಗೆ ಚಂದ. ದುಡ್ಡು ಹಾಕುವುದಾದರೂ ಚರ್ಮದ ಮೇಲಲ್ಲ, ಕೊಂಡಿಯ ಮೇಲೆ ಹಾಕಿ. ಒಳ್ಳೆಯ ಪಟ್ಟಿ ನಡುವೆ ಹರಿಯುವುದು ಬಹಳ ಅಪರೂಪ, ಕೈಕೊಡುವುದು ತುದಿಯಲ್ಲಿರುವ ಉಂಗುರ, ದಾರ, ಬಕಲ್, ಸ್ಕ್ರೂ ಇಂಥವೇ.

ತೂಗಿ ನೋಡಿ

ಅಡುಗೆಮನೆಯ ತಕ್ಕಡಿ ಸಾಕು. ಬಾಡಿ (ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ), ಬ್ಯಾಟರಿ, ಕಾರ್ಡ್, ನೀವು ಜಾಸ್ತಿ ಬಳಸುವ ಲೆನ್ಸ್, ಅದರ ಮುಂದೆ ಹಾಕುವ ಹುಡ್, ಎಲ್ಲ ಸೇರಿಸಿ ತೂಗಿ. ಕಂಪನಿಯವರು ಕೊಡುವ ತೂಕದಲ್ಲಿ ಎಷ್ಟೋ ಸಲ ಬ್ಯಾಟರಿಯೇ ಸೇರಿರುವುದಿಲ್ಲ, ಹಾಗಾಗಿ ನೀವೇ ತೂಗುವುದು ಒಳ್ಳೆಯದು.

ಅಂದಾಜಿಗೆ ಹೇಳುವುದಾದರೆ, ರಿಕೋ ಜಿಆರ್ 3 ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಫ್ಯೂಜಿಫಿಲ್ಮ್ ಎಕ್ಸ್100ವಿ 478 ಗ್ರಾಂ. ಸೋನಿ ಎ7 4 ಸುಮಾರು 660 ಗ್ರಾಂ, ಅದಕ್ಕೆ ಅವರದೇ 24-70 ಎಫ್2.8 ಲೆನ್ಸಿನ ಎರಡನೇ ಆವೃತ್ತಿ ಹಾಕಿದರೆ ಇನ್ನೊಂದು 695, ಒಟ್ಟು 1,350 ಗ್ರಾಂ ದಾಟುತ್ತದೆ. ನಿಕಾನ್ ಝಡ್9 ಬಾಡಿ ಒಂದೇ ಬ್ಯಾಟರಿ, ಕಾರ್ಡ್ ಸೇರಿ 1,340 ಗ್ರಾಂ ತೂಗುತ್ತದೆ, ಅದಕ್ಕೆ 70-200 ಎಫ್2.8 ಲೆನ್ಸ್ ಸೇರಿದರೆ ಎರಡೂಮುಕ್ಕಾಲು ಕೆ.ಜಿ. ಈ ನಾಲ್ಕಕ್ಕೂ ಒಂದೇ ಸ್ಟ್ರಾಪ್ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅರ್ಧ ಕೆ.ಜಿ. ಒಳಗಿನ ಕ್ಯಾಮೆರಾಗೆ ಮಣಿಕಟ್ಟಿನ ಪಟ್ಟಿಯೇ ಸಾಕು, ಇಲ್ಲವೇ ತೆಳ್ಳನೆಯ ಉದ್ದ ಸ್ಟ್ರಾಪ್. ಅರ್ಧದಿಂದ ಒಂದೂವರೆ ಕೆ.ಜಿ. ತನಕ, ಅಂದರೆ ಬಹುಪಾಲು ಜನರ ಕ್ಯಾಮೆರಾಗಳಿಗೆ, ಎದೆಯ ಮೇಲೆ ಅಡ್ಡಡ್ಡ ಹಾಕಿಕೊಳ್ಳುವ, 30ರಿಂದ 45 ಮಿ.ಮೀ. ಅಗಲದ ಪಟ್ಟಿ. ಎರಡು ಕೆ.ಜಿ. ದಾಟಿದರೆ ಎರಡೂ ಹೆಗಲಿಗೆ ತೂಕ ಹಂಚುವ ಹಾರ್ನೆಸ್ ಅಥವಾ ಸೊಂಟದ ಬೆಲ್ಟಿನ ಬಗ್ಗೆ ಯೋಚಿಸಿ. ಇಡೀ ದಿನ ಎರಡು ಕ್ಯಾಮೆರಾ ಹೊತ್ತು ಮದುವೆ ಶೂಟ್ ಮಾಡುವವರು ಹಾರ್ನೆಸ್ ಹಾಕಿಕೊಳ್ಳುವುದು ಸ್ಟೈಲಿಗಲ್ಲ.

ತೂಕ ಎಲ್ಲಿ ಬೀಳುತ್ತದೆ

ಕತ್ತಿಗೆ ನೇತುಹಾಕುವುದು ಎಲ್ಲಕ್ಕಿಂತ ಕೆಟ್ಟ ಜಾಗ. ಪೂರ್ತಿ ತೂಕ ಕತ್ತಿನ ಹಿಂದೆ ಸಣ್ಣ ಜಾಗದಲ್ಲಿ ಬೀಳುತ್ತದೆ, ಅದನ್ನು ತಡೆದುಕೊಳ್ಳಲು ತಲೆ ತಾನಾಗಿ ಮುಂದೆ ಬಾಗುತ್ತದೆ, ಸಂಜೆ ಹೊತ್ತಿಗೆ ಭುಜದ ಸ್ನಾಯುಗಳು ಬಿಗಿದಿರುತ್ತವೆ. ಬಗ್ಗಿದಾಗ ಕ್ಯಾಮೆರಾ ಮುಂದಕ್ಕೆ ತೂಗಿ ಮೇಜಿಗೋ ಬಂಡೆಗೋ ಬಡಿಯುತ್ತದೆ. ಎದೆಯ ಮುಂದೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದು ಬೇರೆ. ಹಗುರದ ಕ್ಯಾಮೆರಾ, ಸ್ವಲ್ಪ ಹೊತ್ತು, ಅಂದರೆ ಪರವಾಗಿಲ್ಲ.

ಒಂದೇ ಹೆಗಲಿಗೆ ಸುಮ್ನೆ ತಗುಲಿಸಿಕೊಳ್ಳುವುದು ಸುಲಭ, ಆದರೆ ಜಾರದಂತೆ ತಡೆಯಲು ನಮಗೇ ಗೊತ್ತಾಗದೆ ಆ ಹೆಗಲನ್ನು ಎತ್ತಿ ಹಿಡಿದಿರುತ್ತೇವೆ. ನೋವು ಅಲ್ಲಿಂದ ಶುರು. ಯಾರಾದರೂ ಎಳೆದರೆ ಹೋಗುವುದೂ ಇದೇ ಮೊದಲು.

ಅಡ್ಡಡ್ಡ ಹಾಕಿಕೊಳ್ಳುವುದು ನನ್ನ ಲೆಕ್ಕದಲ್ಲಿ ಹೆಚ್ಚಿನವರಿಗೆ ಸರಿಯಾದ ದಾರಿ. ಬಲಗೈ ಬಳಸುವವರಾದರೆ ಪಟ್ಟಿ ಎಡ ಹೆಗಲ ಮೇಲೆ, ಕ್ಯಾಮೆರಾ ಬಲ ಸೊಂಟದ ಪಕ್ಕ. ಕೈ ಇಳಿಬಿಟ್ಟರೆ ಅಂಗೈ ನೇರವಾಗಿ ಕ್ಯಾಮೆರಾದ ಮೇಲೆ ಕೂರಬೇಕು, ಅದೇ ಸರಿಯಾದ ಉದ್ದ. ಅದಕ್ಕಿಂತ ಕೆಳಗೆ ಬಿಟ್ಟರೆ ನಡೆಯುವಾಗ ತೊಡೆಗೆ ಬಡಿಯುತ್ತದೆ, ಬಾಗಿಲಿಗೆ ತಾಗುತ್ತದೆ, ಮೆಟ್ಟಿಲು ಹತ್ತುವಾಗ ಮಂಡಿಗೆ ಗುದ್ದುತ್ತದೆ. ಮೇಲೆ ಜಾಸ್ತಿ ಬಿಗಿದರೆ ಕಣ್ಣಿನ ತನಕ ಎತ್ತುವಾಗ ಪಟ್ಟಿ ಕುತ್ತಿಗೆಯನ್ನು ಹಿಡಿದು ಎಳೆಯುತ್ತದೆ. ಎರಡರ ನಡುವೆ ಒಂದು ಜಾಗ ಇದೆ, ಕನ್ನಡಿ ಮುಂದೆ ನಿಂತು ಹತ್ತು ಸಲ ಎತ್ತಿ ಇಳಿಸಿದರೆ ಸಿಗುತ್ತದೆ.

ಇಲ್ಲಿ ಒಂದು ಸಣ್ಣ ವಿಷಯ ಇದೆ, ಬಹಳ ಜನ ಗಮನಿಸುವುದಿಲ್ಲ. ಅಡ್ಡಡ್ಡ ಹಾಕುವ ಸ್ಟ್ರಾಪ್‌ಗಳು ಎರಡು ಥರ. ಒಂದರಲ್ಲಿ ಪಟ್ಟಿಯ ಎರಡೂ ತುದಿ ಕ್ಯಾಮೆರಾಗೇ ಸಿಕ್ಕಿರುತ್ತವೆ, ನೀವು ಕ್ಯಾಮೆರಾ ಎತ್ತಿದಾಗ ಇಡೀ ಪಟ್ಟಿ ಹೆಗಲ ಮೇಲೆ ಜಾರಿಕೊಂಡು ಬರುತ್ತದೆ. ಇದರ ಒಳಮೈ ನುಣುಪಾಗಿರಬೇಕು, ಕಾರಿನ ಸೀಟ್ ಬೆಲ್ಟ್‌ನಂಥ ನೈಲಾನ್ ಇದಕ್ಕೆ ಬಲು ಚೆನ್ನಾಗಿ ಒಗ್ಗುತ್ತದೆ. ಇನ್ನೊಂದರಲ್ಲಿ ಪಟ್ಟಿ ಹೆಗಲ ಮೇಲೆ ಕದಲದೆ ಕೂತಿರುತ್ತದೆ, ಕ್ಯಾಮೆರಾಗೆ ಸಿಕ್ಕಿಸಿದ ಕೊಂಡಿ ಮಾತ್ರ ಪಟ್ಟಿಯ ಮೇಲೆ ಓಡಾಡುತ್ತದೆ. ಬ್ಲ್ಯಾಕ್‌ರ‍್ಯಾಪಿಡ್ ಕಂಪನಿ ಹೆಸರು ಮಾಡಿದ್ದು ಈ ಥರದ ಸ್ಟ್ರಾಪ್‌ನಿಂದಲೇ. ಇದಕ್ಕೆ ಹೆಗಲ ಮೇಲಿನ ಮೆತ್ತೆ ಹಿಡಿತ ಇರುವಂಥದ್ದು ಬೇಕು. ಈಗ ಮೊದಲನೆಯ ಥರದ ಸ್ಟ್ರಾಪ್ ತಗೊಂಡು, ಒಳಗೆ ರಬ್ಬರ್ ಚುಕ್ಕಿ ಇರುವ, ಜಾರದ ಮೆತ್ತೆ ಇರುವುದನ್ನೇ ಆರಿಸಿದರೆ ಏನಾಗುತ್ತದೆ ಯೋಚಿಸಿ. ಪ್ರತಿ ಸಲ ಎತ್ತುವಾಗಲೂ ಅಂಗಿ ಮುದುಡಿಕೊಂಡು ಪಟ್ಟಿಯ ಜೊತೆ ಬರುತ್ತದೆ. ಜಾರಬಾರದು ಅನ್ನುವುದು ಒಂಟಿ ಹೆಗಲಿಗೆ ತಗುಲಿಸಿಕೊಳ್ಳುವವರ ಬೇಡಿಕೆ, ನಮ್ಮದಲ್ಲ.

ದಪ್ಪ ಮೆತ್ತೆ ನೋಡಿ ಮರುಳಾಗಬೇಡಿ. ಹಿತ ಕೊಡುವುದು ದಪ್ಪಕ್ಕಿಂತ ಜಾಸ್ತಿ ಅಗಲ. ತೂಕ ಅಷ್ಟೇ ಇರುತ್ತದೆ, ಅಗಲ ಜಾಸ್ತಿಯಾದಷ್ಟೂ ಒಂದೊಂದು ಜಾಗಕ್ಕೆ ಬೀಳುವ ಒತ್ತಡ ಕಡಿಮೆ. ನಿಯೋಪ್ರೀನ್ ಅನ್ನುವ ಹಿಗ್ಗುವ ರಬ್ಬರ್ ಬಟ್ಟೆಯ ಸ್ಟ್ರಾಪ್‌ಗಳು ಕೈಗೆ ತೆಗೆದುಕೊಂಡಾಗ ತುಂಬ ಮೃದು, ತೂಕವೂ ಕಡಿಮೆ ಅನಿಸುತ್ತದೆ. ಆದರೆ ಭಾರದ ಲೆನ್ಸ್ ಹಾಕಿ ಚುರುಕಾಗಿ ನಡೆದರೆ ಹೆಜ್ಜೆ ಹೆಜ್ಜೆಗೂ ಕ್ಯಾಮೆರಾ ಮೇಲೆ ಕೆಳಗೆ ಕುಣಿಯುತ್ತದೆ. ಇದನ್ನು ಕೆಲವರು ಇಷ್ಟಪಡುತ್ತಾರೆ. ನನಗೆ ತಲೆನೋವು.

ಬಟ್ಟೆ, ಚರ್ಮದ ವಿಷಯ ಬೇಗ ಮುಗಿಸುತ್ತೇನೆ. ನೈಲಾನ್ ಗಟ್ಟಿ, ಬೇಗ ಒಣಗುತ್ತದೆ, ಆದರೆ ಅಂಚು ಮೃದುವಾಗಿ ನೇಯ್ದಿದೆಯಾ ಅಂತ ಬೆರಳಾಡಿಸಿ ನೋಡಿ. ಹತ್ತಿ ಕತ್ತಿಗೆ ಹಿತ, ಬೆವರು ಕುಡಿಯುತ್ತದೆ, ಒಣಗಲು ತಡ. ಚರ್ಮ ಹೊಸತರಲ್ಲಿ ಬಿರುಸು, ಬಳಸುತ್ತಾ ಪಳಗುತ್ತದೆ, ಬೆವರಿಗೆ ಬಣ್ಣ ಬಿಟ್ಟು ಬಿಳಿ ಅಂಗಿ ಹಾಳುಮಾಡುವುದೂ ಉಂಟು. ಹಗ್ಗದ ಸ್ಟ್ರಾಪ್ ಸಣ್ಣ ಕ್ಯಾಮೆರಾಗೆ ಚಂದ, ಭಾರ ಹಾಕಿದರೆ ಹೆಗಲನ್ನು ಕೊರೆಯುತ್ತದೆ.

ಎದೆಯ ಮೇಲೆ ಅಡ್ಡ ಪಟ್ಟಿ ಎಲ್ಲರಿಗೂ ಒಂದೇ ಥರ ಕೂರುವುದಿಲ್ಲ. ಎಷ್ಟೋ ಹೆಂಗಸರಿಗೆ ಅದು ಜಾರಿ ಕುತ್ತಿಗೆಯ ಬುಡಕ್ಕೆ ಬಂದು ಉಜ್ಜುತ್ತದೆ. ಬಾಗಿದ ಆಕಾರದ ಹೆಗಲ ಮೆತ್ತೆ ಇರುವುದು, ಕಂಕುಳ ಕೆಳಗೆ ಇನ್ನೊಂದು ಸಣ್ಣ ಪಟ್ಟಿ ಹಾದುಹೋಗುವಂಥದ್ದು, ಇಲ್ಲವೇ ಎರಡು ಹೆಗಲ ಹಾರ್ನೆಸ್, ಇವುಗಳಲ್ಲಿ ಯಾವುದಾದರೂ ಒಂದು ಒಗ್ಗಬಹುದು. ಹಾಕಿ ನೋಡದೆ ಹೇಳಲಾಗದು. ಅದಕ್ಕೇ ವಾಪಸ್ ತೆಗೆದುಕೊಳ್ಳುವ ಕಡೆಯೇ ಕೊಳ್ಳಿ, ಮನೆಯಲ್ಲಿ ನಿಮ್ಮದೇ ಕ್ಯಾಮೆರಾ ಸಿಕ್ಕಿಸಿ ಅರ್ಧ ಗಂಟೆ ಓಡಾಡಿ, ಕೂತೆದ್ದು, ಬಗ್ಗಿ, ಮೆಟ್ಟಿಲು ಹತ್ತಿ ನೋಡಿ. ಮೊದಲ ಐದು ನಿಮಿಷ ಎಲ್ಲ ಸ್ಟ್ರಾಪೂ ಹಿತವಾಗೇ ಇರುತ್ತದೆ.

ಕೊಂಡಿಯ ಕಥೆ

ನಿಮ್ಮ ಕ್ಯಾಮೆರಾದ ಎರಡೂ ಪಕ್ಕದ ಸ್ಟ್ರಾಪ್ ಕಿವಿ ಹೇಗಿದೆ ನೋಡಿ. ಕೆಲವದರಲ್ಲಿ ಚಪ್ಪಟೆ ಸೀಳು ಇರುತ್ತದೆ, ಸುಮಾರು 10 ಮಿ.ಮೀ. ಅಗಲದ ತೆಳ್ಳನೆಯ ಪಟ್ಟಿ ಅದರೊಳಗೆ ನೇರ ಹೋಗುತ್ತದೆ. ಇನ್ನು ಕೆಲವದರಲ್ಲಿ ಸಣ್ಣ ದುಂಡು ತೂತು, ಅದಕ್ಕೆ ಕೀಚೈನಿನಂಥ ಉಂಗುರ ಹಾಕಬೇಕು, ಉಂಗುರ ಬಾಡಿಯನ್ನು ಗೀರದಂತೆ ನಡುವೆ ಒಂದು ಪ್ಲಾಸ್ಟಿಕ್ ಅಥವಾ ಚರ್ಮದ ಬಿಲ್ಲೆ ಬೇಕು. ಸ್ಟ್ರಾಪ್ ತರಿಸುವ ಮೊದಲು ಈ ಒಂದು ವಿಷಯ ಖಚಿತಪಡಿಸಿಕೊಂಡರೆ ಅರ್ಧ ರಗಳೆ ತಪ್ಪುತ್ತದೆ.

ಚಪ್ಪಟೆ ಪಟ್ಟಿ ಪೋಣಿಸುವ ರೀತಿಗೂ ಒಂದು ಕ್ರಮ ಇದೆ. ತುದಿಯನ್ನು ಮೊದಲು ಸಣ್ಣ ಲೂಪಿನೊಳಗೆ ತೂರಿಸಿ, ಆಮೇಲೆ ಕ್ಯಾಮೆರಾದ ಕಿವಿಗೆ ಹೊರಗಿನಿಂದ ಒಳಕ್ಕೆ, ಮತ್ತೆ ಅದೇ ಲೂಪಿನೊಳಗೆ ವಾಪಸ್, ಕೊನೆಗೆ ಬಕಲ್‌ನಲ್ಲಿ ಮೊದಲೇ ಇರುವ ಪಟ್ಟಿಯ ಅಡಿಯಿಂದ ತೂರಿಸಿ ಎಳೆದುಬಿಡಿ. ಹೀಗೆ ಮಾಡಿದರೆ ಬಾಲ ಒಳಗೇ ಅಡಗಿ ಕೂರುತ್ತದೆ, ಹೊರಗೆ ಏನೂ ಜೋತಾಡುವುದಿಲ್ಲ, ಭಾರ ಬಿದ್ದಷ್ಟೂ ಬಕಲ್ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬಕಲ್ ದಾಟಿ ನಾಲ್ಕೈದು ಸೆಂ.ಮೀ. ಬಾಲ ಉಳಿದಿರಲಿ, ಉದ್ದ ಸಾಲದೆಂದು ತುದಿಯ ತನಕ ಬಿಡಬೇಡಿ. ಆಮೇಲೆ ಹಾಸಿಗೆಯ ಮೇಲೆ ಕೂತು ಜೋರಾಗಿ ಎಳೆದು ನೋಡಿ. ಹಾಸಿಗೆ ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಬೇಗ ಬಿಚ್ಚಿ ಬೇಗ ಹಾಕುವ ಕೊಂಡಿಗಳು ಈಗ ಎಲ್ಲ ಕಡೆ ಸಿಗುತ್ತವೆ. ಪೀಕ್ ಡಿಸೈನ್ ಅನ್ನುವ ಕಂಪನಿಯ ಸಣ್ಣ ಗುಂಡು ಬಿಲ್ಲೆಯ ಥರದ್ದನ್ನು ನೀವು ನೋಡಿರಬಹುದು, ದಾರದ ತುದಿಯಲ್ಲಿ ಬಿಲ್ಲೆ, ಅದು ಸ್ಟ್ರಾಪ್‌ನ ತೋಡಿನೊಳಗೆ ಜಾರಿ ಟಕ್ ಅಂತ ಕೂರುತ್ತದೆ. ಕಂಪನಿ ಹೇಳುವ ಪ್ರಕಾರ ಅದು 90 ಕೆ.ಜಿ. ತನಕ ತಡೆಯುತ್ತದೆ. ನಾನು ಇಂಥ ಕೊಂಡಿಗಳ ಪರ, ಯಾಕೆಂದರೆ ಒಂದೇ ಕ್ಯಾಮೆರಾಗೆ ಈಗ ಉದ್ದ ಸ್ಟ್ರಾಪ್, ಇನ್ನೊಂದು ಗಳಿಗೆಗೆ ಮಣಿಕಟ್ಟಿನ ಪಟ್ಟಿ, ಟ್ರೈಪಾಡ್ ಮೇಲಿಟ್ಟಾಗ ಏನೂ ಇಲ್ಲ, ಹೀಗೆ ಬದಲಿಸಿಕೊಳ್ಳಬಹುದು. ಟ್ರೈಪಾಡ್ ಮೇಲೆ ಸ್ಟ್ರಾಪ್ ಬಿಚ್ಚುವುದು ಶೋಕಿಯಲ್ಲ. ಗಾಳಿಗೆ ಪಟ್ಟಿ ಪಟಪಟ ಅಂದರೆ ಕ್ಯಾಮೆರಾ ಅಲುಗುತ್ತದೆ, ಹತ್ತು ಸೆಕೆಂಡಿನ ಎಕ್ಸ್‌ಪೋಶರ್ ಮಸುಕಾಗುತ್ತದೆ. ಆದರೆ ಆ ತೆಳ್ಳನೆಯ ದಾರ ಸವೆಯುತ್ತದೆ, ಅದರಲ್ಲೂ ಚೂಪು ಅಂಚಿನ ಲೋಹದ ಉಂಗುರಕ್ಕೆ ಕಟ್ಟಿದ್ದರೆ ಬೇಗ. ದಾರದ ಒಳಗಿನ ಬೇರೆ ಬಣ್ಣದ ಎಳೆ ಕಂಡರೆ ಅದೇ ದಿನ ಬದಲಿಸಿ. ನೋಡಲು ಅದರಂತೆಯೇ ಇರುವ, ಹೆಸರಿಲ್ಲದ ಅಗ್ಗದ ಬಿಲ್ಲೆಗಳನ್ನು ಒಳ್ಳೆಯ ಸ್ಟ್ರಾಪಿಗೆ ಸಿಕ್ಕಿಸಬೇಡಿ.

ಕ್ಯಾಮೆರಾದ ತಳದಲ್ಲಿರುವ ಟ್ರೈಪಾಡ್ ತೂತಿಗೆ, ಅಂದರೆ ಕಾಲು ಇಂಚಿನ ತಿರುಪಿಗೆ, ಸಿಕ್ಕಿಸುವ ಸ್ಟ್ರಾಪ್‌ಗಳೂ ಇವೆ. ಕ್ಯಾಮೆರಾ ತಲೆಕೆಳಗಾಗಿ ತೂಗುತ್ತದೆ, ಎತ್ತಿದರೆ ಸೀದಾ ಕೈಗೆ ಬರುತ್ತದೆ, ಬಳಸಲು ಖುಷಿ. ತೊಂದರೆ ಏನೆಂದರೆ ಸ್ಕ್ರೂ ಅನ್ನುವುದು ತಿರುಗಿದರೆ ಬಿಚ್ಚಿಕೊಳ್ಳುತ್ತದೆ, ನೀವು ನಡೆಯುವಾಗ ಕ್ಯಾಮೆರಾ ತಿರುಗುತ್ತಲೇ ಇರುತ್ತದೆ. ರಬ್ಬರ್ ವಾಷರ್ ಇರುವ ಸ್ಕ್ರೂವನ್ನೇ ಬಳಸಿ, ಮನೆ ಬಿಡುವಾಗ ಒಮ್ಮೆ, ಮಧ್ಯೆ ನೆನಪಾದಾಗಲೆಲ್ಲ ಒಮ್ಮೆ ಬೆರಳಲ್ಲಿ ಬಿಗಿ ಮಾಡಿ. ಜೊತೆಗೆ ಕ್ಯಾಮೆರಾದ ಕಿವಿಯಿಂದ ಸ್ಟ್ರಾಪಿಗೆ ಇನ್ನೊಂದು ಸಣ್ಣ ದಾರ ಕಟ್ಟಿರಲಿ. ಸ್ಕ್ರೂ ಕೈಕೊಟ್ಟರೂ ಕ್ಯಾಮೆರಾ ನೆಲಕ್ಕೆ ಬೀಳುವುದಿಲ್ಲ. ಈ ಎರಡನೇ ದಾರ ಇಲ್ಲದೆ ತಳದ ಸ್ಕ್ರೂ ಒಂದನ್ನೇ ನಂಬುವುದು ನನ್ನ ಕೈಲಾಗದು.

ಉದ್ದ ಲೆನ್ಸ್ ಹಾಕಿದಾಗ ಲೆಕ್ಕ ಬೇರೆ. ಲೆನ್ಸ್ ಬಾಡಿಗಿಂತ ಭಾರ ಇದ್ದರೆ ಬಾಡಿಯ ಕಿವಿಯಿಂದ ನೇತುಹಾಕಬೇಡಿ, ಪೂರ್ತಿ ಎಳೆತ ಮೌಂಟ್ ಮೇಲೆ, ಅಂದರೆ ಲೆನ್ಸ್ ಬಾಡಿಗೆ ಕೂಡುವ ಜಾಗದ ಮೇಲೆ, ಬೀಳುತ್ತದೆ. ಅಂಥ ಲೆನ್ಸಿಗೆ ಸುತ್ತ ಕಾಲರ್ ಅನ್ನುವ ಬಳೆ, ಅದರಡಿ ಟ್ರೈಪಾಡಿಗೆ ಕೂರಿಸುವ ಕಾಲು ಇರುತ್ತದೆ, ಮುಖ್ಯ ಕೊಂಡಿ ಆ ಕಾಲಿಗೆ, ಎರಡನೆಯದು ಬಾಡಿಗೆ. ಎತ್ತುವಾಗಲೂ ಲೆನ್ಸ್ ಹಿಡಿದು ಎತ್ತಿ.

ವಿಡಿಯೊ ಮಾಡುವವರಿಗೆ ಒಂದು ಮಾತು: ಲೋಹದ ಉಂಗುರಗಳ ಕಿಣಿಕಿಣಿ ಮೈಕಿನಲ್ಲಿ ಸೊಗಸಾಗಿ ರೆಕಾರ್ಡ್ ಆಗುತ್ತದೆ. ದಾರದ ಕೊಂಡಿ ತಗೊಳ್ಳಿ.

ಮಣಿಕಟ್ಟಿನ ಪಟ್ಟಿ, ಕ್ಲಿಪ್

ಕ್ಯಾಮೆರಾ ಸದಾ ಕೈಯಲ್ಲೇ ಇರುವ ಜಾತಿಯವರಾದರೆ ಮಣಿಕಟ್ಟಿನ ಪಟ್ಟಿಗಿಂತ ಒಳ್ಳೆಯದಿಲ್ಲ. ಕೈ ಜಾರಿದರೂ ಬೀಳುವುದಿಲ್ಲ, ಅಂಗೈಯಲ್ಲಿ ಅಡಗುತ್ತದೆ, ಯಾರ ಗಮನವೂ ಹೋಗುವುದಿಲ್ಲ. ಕೈ ಇಳಿಬಿಟ್ಟಾಗ ತಾನೇ ಬಿಗಿಯಾಗುವಂಥದ್ದು ನೋಡಿ ತಗೊಳ್ಳಿ. ಎರಡೂ ಕೈ ಬೇಕಾದಾಗ ಮಾತ್ರ ಪೇಚು, ಆಗ ಬ್ಯಾಗಿಗೆ ಹಾಕಲೇಬೇಕು. ಬೆನ್ನು ಚೀಲದ ಹೆಗಲ ಪಟ್ಟಿಗೆ ಬಿಗಿಯುವ ಲೋಹದ ಕ್ಲಿಪ್‌ಗಳು ಬೆಟ್ಟ ಹತ್ತುವವರಿಗೆ ಸರಿ, ಪೇಟೆಯ ಜನಜಂಗುಳಿಗೆ ಬೇಡ. ಎದೆಯ ಮೇಲೆ ಬಟನ್ ಒತ್ತಿದರೆ ಬಿಚ್ಚಿಕೊಳ್ಳುವ ಕ್ಯಾಮೆರಾ ಇಟ್ಟುಕೊಂಡು ತುಂಬಿದ ರೈಲು ಹತ್ತುವುದು ಯಾಕೆ.

ಕಣ್ಣಿಗೆ ಬೀಳದ ಹಾಗೆ

ಹೆಸರಾಂತ ಫ್ರೆಂಚ್ ಫೋಟೊಗ್ರಾಫರ್ ಆನ್ರಿ ಕಾರ್ತಿಯೆ ಬ್ರೆಸೋನ್ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪ್ ಅಂಟಿಸಿಕೊಂಡು ಬೀದಿಗಿಳಿಯುತ್ತಿದ್ದರು. ಅವರ ಚಿಂತೆ ಕಳ್ಳರದ್ದಲ್ಲ, ಎದುರಿನವರು ಕ್ಯಾಮೆರಾ ನೋಡಿ ಸೆಟೆದು ನಿಲ್ಲಬಾರದು ಅನ್ನುವುದು. ಉಪಾಯ ಎರಡಕ್ಕೂ ಆಗುತ್ತದೆ. ಟೇಪ್ ಹಾಕುವುದಾದರೆ ಗ್ಯಾಫರ್ ಟೇಪ್ ಹಾಕಿ, ಅದು ಬಟ್ಟೆಯದು, ಹೊಳೆಯುವುದಿಲ್ಲ, ಕಿತ್ತಾಗ ಅಂಟು ಅಷ್ಟಾಗಿ ಉಳಿಯುವುದಿಲ್ಲ. ಮಾಮೂಲು ಪ್ಯಾಕಿಂಗ್ ಟೇಪ್ ಬಿಸಿಲಿಗೆ ಕರಗಿ ಬಾಡಿಗೆಲ್ಲ ಮೆತ್ತಿಕೊಳ್ಳುತ್ತದೆ.

ಸ್ಟ್ರಾಪ್ ವಿಷಯದಲ್ಲಿ: ಹೆಸರಿಲ್ಲದ, ಹೊಳೆಯದ, ಕಪ್ಪು ಅಥವಾ ಬೂದು ಬಣ್ಣದ, ತೀರಾ ಅಗಲವಲ್ಲದ ಪಟ್ಟಿ. ಅಂಗಿಯ ಬಣ್ಣಕ್ಕೆ ಹತ್ತಿರ ಇದ್ದರೆ ದೂರಕ್ಕೆ ಕಾಣುವುದೇ ಇಲ್ಲ. ಅಡ್ಡಡ್ಡ ಹಾಕಿ ಕ್ಯಾಮೆರಾವನ್ನು ಮೊಣಕೈ ಹಿಂದೆ ತಳ್ಳಿ, ಮೇಲೆ ಜಾಕೆಟ್ ಹಾಕಿಕೊಂಡರೆ ನೀವು ಕ್ಯಾಮೆರಾ ಹಿಡಿದಿದ್ದೀರಿ ಅಂತ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಲೆನ್ಸ್ ಸಣ್ಣದಾದಷ್ಟೂ ಒಳ್ಳೆಯದು. ದೂರದ್ದನ್ನು ಹತ್ತಿರ ತೋರಿಸುವ ಕ್ಯಾನನ್‌ನ ದೊಡ್ಡ ಟೆಲಿ ಲೆನ್ಸ್‌ಗಳು ಬಿಳಿ ಬಣ್ಣದಲ್ಲಿರುವುದು ಬಿಸಿಲಿಗೆ ಕಾಯಬಾರದು ಅನ್ನುವ ಕಾರಣಕ್ಕೆ, ಆದರೆ ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುತ್ತವೆ ಅನ್ನುವುದೂ ನಿಜ. ಅದಕ್ಕೆ ಬಟ್ಟೆಯ ಕವರ್ ಸಿಗುತ್ತದೆ.

ಬ್ಯಾಗು ಕೂಡ ಮಾತಾಡಬಾರದು. ದಪ್ಪ ಮೆತ್ತೆ, ಹತ್ತಾರು ಬಕಲ್, ಹೊರಗೆ ಟ್ರೈಪಾಡ್ ಕಟ್ಟುವ ಪಟ್ಟಿ, ಮೇಲೆ ಕ್ಯಾಮೆರಾ ಕಂಪನಿಯ ಹೆಸರು, ಇಷ್ಟಿದ್ದರೆ ಒಳಗೆ ಏನಿದೆ ಅಂತ ಯಾರಿಗಾದರೂ ಗೊತ್ತು. 1970ರ ದಶಕದಲ್ಲಿ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಫೋಟೊಗ್ರಾಫರ್ ಜಿಮ್ ಡೋಮ್ಕೆ ತನಗೆ ಬೇಕಾದ ಹಾಗೆ ಮೆತ್ತನೆಯ ಕ್ಯಾನ್ವಾಸ್ ಚೀಲ ಮಾಡಿಕೊಂಡರು. ಮೈಗೆ ಅಂಟಿಕೊಂಡು ಕೂರುವ, ಉಬ್ಬದ ಆ ಚೀಲವೇ ಆಮೇಲೆ ಡೋಮ್ಕೆ ಬ್ಯಾಗ್ ಆಯಿತು. ಬ್ರಿಟನ್ನಿನ ಬಿಲ್ಲಿಂಗ್‌ಹ್ಯಾಮ್ ಕಂಪನಿ 1973ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಮೀನು ಹಿಡಿಯುವವರ ಚೀಲ. ಫೋಟೊಗ್ರಾಫರ್‌ಗಳು ಅದನ್ನೇ ಕೊಂಡು ಕ್ಯಾಮೆರಾ ತುಂಬಿಕೊಳ್ಳತೊಡಗಿದ ಮೇಲೆ ಅವರು ಕ್ಯಾಮೆರಾ ಬ್ಯಾಗಿಗೆ ತಿರುಗಿದರು. ಈಗ ಆ ಹೆಸರುಗಳನ್ನೂ ಗುರುತು ಹಿಡಿಯುವವರಿದ್ದಾರೆ, ಅದು ಬೇರೆ ಮಾತು. ಎಲ್ಲಕ್ಕಿಂತ ಅಗ್ಗದ ದಾರಿ, ನಿಮ್ಮ ಹತ್ತಿರ ಈಗಾಗಲೇ ಇರುವ ಮಾಮೂಲು ಚೀಲಕ್ಕೆ ಮೆತ್ತೆಯ ಒಳಪೆಟ್ಟಿಗೆ ತಂದು ಇಡುವುದು.

ಇಷ್ಟೆಲ್ಲ ಮಾಡಿ, ರಸ್ತೆಯ ನಡುವೆ ಬ್ಯಾಗನ್ನು ನೆಲಕ್ಕಿಟ್ಟು ಪೂರ್ತಿ ತೆರೆದು, ಮೂರು ಲೆನ್ಸ್ ಹೊರಗಿಟ್ಟು, ಯಾವುದು ಹಾಕಲಿ ಅಂತ ಯೋಚಿಸುತ್ತಾ ನಿಂತರೆ ಏನು ಬಂತು? ಗೊತ್ತಾಗದಂತೆ ಇರುವುದರಲ್ಲಿ ಸಾಮಾನಿನ ಬಣ್ಣದ ಪಾಲು ಕಡಿಮೆ, ನಿಮ್ಮ ಕೈಯ ಪಾಲೇ ಜಾಸ್ತಿ. ಲೆನ್ಸ್ ಬದಲಿಸುವುದಿದ್ದರೆ ಗೋಡೆಗೆ ಬೆನ್ನು ಕೊಟ್ಟು, ಬ್ಯಾಗ್ ಮೈಮೇಲೇ ಇರುವಂತೆ, ಬೇಕಾದಷ್ಟೇ ಜಿಪ್ ತೆರೆದು ಮುಗಿಸಿ. ಫೋಟೊ ಮುಗಿದ ತಕ್ಷಣ ಒಳಗಿಡಿ. ಕ್ಯಾಮೆರಾದ ಹಿಂದಿನ ಸ್ಕ್ರೀನ್ ನೋಡುತ್ತಾ ಮೈಮರೆತು ನಿಲ್ಲುವ ಅಭ್ಯಾಸ ಇದ್ದರೆ ಅದನ್ನು ಕೋಣೆಗೆ ಹೋದ ಮೇಲೆ ಇಟ್ಟುಕೊಳ್ಳಿ. ಎಲ್ಲಾದರೂ ಕೂತಾಗ ಬ್ಯಾಗಿನ ಪಟ್ಟಿಯೊಳಗೆ ನಿಮ್ಮ ಕಾಲು ಅಥವಾ ಕುರ್ಚಿಯ ಕಾಲು ಇರಲಿ. ವೆಲ್ಕ್ರೋ ಇರುವ ಬ್ಯಾಗು ತೆರೆದರೆ ಇಡೀ ಕೋಣೆ ತಿರುಗಿ ನೋಡುತ್ತದೆ, ಅದಕ್ಕೆ ಒಂದು ಚೂರು ಬಟ್ಟೆ ಅಡ್ಡ ಅಂಟಿಸಿ ಬಾಯಿ ಮುಚ್ಚಿಸಬಹುದು.

ಒಳಗೆ ಉಕ್ಕಿನ ತಂತಿ ಇರುವ, ಕತ್ತರಿಸಲಾಗದ ಸ್ಟ್ರಾಪ್ ತಗೊಳ್ಳಬೇಕಾ? ನನಗೆ ಅಷ್ಟು ಮನಸ್ಸಿಲ್ಲ. ಬ್ಲೇಡಿಗೆ ಅದು ತಡೆ ಹೌದು. ಆದರೆ ಓಡುವ ಬೈಕಿನಿಂದ ಯಾರಾದರೂ ಎಳೆದರೆ ಹರಿಯದ ಪಟ್ಟಿ ಕ್ಯಾಮೆರಾ ಜೊತೆ ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ರಸ್ತೆಯ ಕಡೆಗೆ ಕ್ಯಾಮೆರಾ ಬಾರದಂತೆ, ಒಳಬದಿಗೆ ಇಟ್ಟುಕೊಂಡು ನಡೆಯುವುದು ಅದಕ್ಕಿಂತ ಮೇಲು. ಯಾರಾದರೂ ಚಾಕು ತೋರಿಸಿ ಕೇಳಿದರೆ ಕೊಟ್ಟುಬಿಡಿ.

ಬ್ಯಾಗಿನಲ್ಲಿ ಹೊರುವಾಗ

ಮೂರು ನಾಲ್ಕು ಕೆ.ಜಿ. ದಾಟಿದರೆ ಒಂಟಿ ಹೆಗಲ ಬ್ಯಾಗು ಬೇಡ, ಬೆನ್ನು ಚೀಲಕ್ಕೆ ಹೋಗಿ. ಅದಕ್ಕೆ ಸೊಂಟದ ಬೆಲ್ಟ್ ಇದ್ದರೆ ಅದನ್ನು ಸುಮ್ನೆ ಕಟ್ಟುವುದಲ್ಲ. ಸೊಂಟದ ಮೂಳೆಯ ಮೇಲ್ತುದಿಗೆ ಕೂರಿಸಿ ಮೊದಲು ಅದನ್ನೇ ಬಿಗಿದು, ಆಮೇಲೆ ಹೆಗಲ ಪಟ್ಟಿ ಎಳೆದುಕೊಳ್ಳಿ. ಆಗ ತೂಕ ಕಾಲಿಗೆ ಇಳಿಯುತ್ತದೆ. ಭಾರದ ಸಾಮಾನು ಬೆನ್ನಿಗೆ ಹತ್ತಿರ ಇರಬೇಕು, ದೂರ ಇದ್ದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಬೆನ್ನಿಗೆ ತಾಗುವ ಕಡೆಯಿಂದ ತೆರೆಯುವ ಚೀಲ ನೋಡಿ. ಹಾಕಿಕೊಂಡಿರುವಾಗ ಹಿಂದಿನವರು ಜಿಪ್ ಎಳೆಯಲಾಗದು, ನೆಲಕ್ಕಿಟ್ಟರೆ ಕೆಸರು ಹತ್ತುವುದು ನಿಮ್ಮ ಬೆನ್ನಿಗಲ್ಲ.

ಎಷ್ಟು ತುಂಬಬೇಕು ಅನ್ನುವುದಕ್ಕೆ ನನ್ನ ಉತ್ತರ ಎಲ್ಲರಿಗೂ ಬೇಜಾರು ತರುತ್ತದೆ. ಎರಡು ಲೆನ್ಸ್. ಮೂರನೆಯದು ಬೇಕೇಬೇಕು ಅನಿಸಿದರೆ ಮೊದಲ ಎರಡರಲ್ಲಿ ಯಾವುದು ಬೇಡ ಅಂತ ಯೋಚಿಸಿ. ಕೆಲಸಕ್ಕೆ ಹೋಗುವವರ ಮಾತು ಬೇರೆ.

ಬ್ಯಾಗಿನಿಂದ ಕ್ಯಾಮೆರಾ ಉರುಳಿ ಬೀಳುವುದು ಹೇಗೆ ಗೊತ್ತಾ? ಜಿಪ್ ಹಾಕದೆ ಮುಚ್ಚಳ ಮಾತ್ರ ಮುಚ್ಚಿ, ಅದನ್ನು ಮರೆತು, ಪಟ್ಟಿ ಹಿಡಿದು ಎತ್ತಿದಾಗ. ಮುಚ್ಚಳ ಮುಚ್ಚಿದರೆ ಜಿಪ್ಪೂ ಎಳೆಯಬೇಕು, ಎರಡು ನಿಮಿಷಕ್ಕೆ ಮತ್ತೆ ತೆರೆಯುವುದಿದ್ದರೂ ಸರಿ. ಇನ್ನೊಂದು ಅಪಾಯ ಮೇಜಿನ ಅಂಚಿನಿಂದ ಜೋತುಬಿದ್ದ ಸ್ಟ್ರಾಪ್. ಯಾರದೋ ಮೊಣಕೈ, ಮಗುವಿನ ಕೈ, ಕುರ್ಚಿಯ ತೋಳು, ಯಾವುದಾದರೂ ಒಂದು ಅದಕ್ಕೆ ಸಿಕ್ಕೇ ಸಿಗುತ್ತದೆ. ಕ್ಯಾಮೆರಾ ಇಟ್ಟಾಗ ಪಟ್ಟಿಯನ್ನು ಲೆನ್ಸ್ ಸುತ್ತ ಸುತ್ತಿ ಮೇಜಿನ ಒಳಕ್ಕೆ ತಳ್ಳಿ. ಕಾರಿನ ಬಾಗಿಲು ಹಾಕುವಾಗಲೂ ಪಟ್ಟಿ ಎಲ್ಲಿದೆ ನೋಡಿ.

ಕಾರಿನಲ್ಲಿ ಬಿಡಲೇಬೇಕಾದರೆ ಡಿಕ್ಕಿಯಲ್ಲಿ, ಆದರೆ ಅದನ್ನು ಡಿಕ್ಕಿಗೆ ಹಾಕುವುದು ಹೊರಡುವ ಜಾಗದಲ್ಲಿ, ತಲುಪಿದ ಜಾಗದಲ್ಲಲ್ಲ. ಅಲ್ಲಿ ನಿಂತು ನೋಡುವವರು ಇರುತ್ತಾರೆ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಕಾವು ಬ್ಯಾಟರಿಗೂ ಒಳ್ಳೆಯದಲ್ಲ, ಹಾಗಾಗಿ ಬಿಡದಿರುವುದೇ ಸರಿ. ಎಸಿ ಕೋಣೆಯಿಂದ ಸೆಖೆಗೆ ಬಂದಾಗ ಲೆನ್ಸ್ ಮೇಲೆ ನೀರು ಕೂರುತ್ತದೆ, ಒರೆಸುತ್ತಾ ಕೂರುವ ಬದಲು ಬ್ಯಾಗ್ ಮುಚ್ಚಿಟ್ಟು ಒಳಗಿನದು ಹೊರಗಿನ ಬಿಸಿಗೆ ಬರುವ ತನಕ ಕಾಯಿರಿ. ಮನೆಯಲ್ಲಿ ದಿನಗಟ್ಟಲೆ ಬ್ಯಾಗಿನಲ್ಲೇ ಮುಚ್ಚಿಡಬೇಡಿ, ಫಂಗಸ್ ಬರುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ತೇವಾಂಶ ಶೇ. 40-50ರ ಆಸುಪಾಸು ಇರುವಂತೆ ನೋಡಿಕೊಂಡರೆ ಸಾಕು.

ವಿಮಾನದಲ್ಲಿ ಹೋಗುವಾಗ ಕ್ಯಾಮೆರಾ ಕೈಚೀಲದಲ್ಲೇ ಇರಲಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್ ಇನ್ ಲಗೇಜಿಗೆ ಹಾಕುವಂತೆಯೇ ಇಲ್ಲ, ಜೊತೆಗೇ ಒಯ್ಯಬೇಕು, ತುದಿಗಳು ಲೋಹಕ್ಕೆ ತಾಗದಂತೆ ಕ್ಯಾಪ್ ಅಥವಾ ಟೇಪ್ ಹಾಕಿ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಮಾಮೂಲು ಕ್ಯಾಮೆರಾ ಬ್ಯಾಟರಿ ಅದರ ಅರ್ಧವೂ ಇರುವುದಿಲ್ಲ, ದೊಡ್ಡ ವಿಡಿಯೊ ಬ್ಯಾಟರಿ ಇದ್ದರೆ ಮಾತ್ರ ಆ ಬ್ಯಾಟರಿಯ ಮೈಮೇಲೆ ಬರೆದದ್ದು ಓದಿ. ಜಾಗ ಇಲ್ಲ ಅಂತ ಬಾಗಿಲಲ್ಲಿ ಕೈಚೀಲ ಕೇಳಿದರೆ ಆ ಬ್ಯಾಟರಿಗಳನ್ನು ಹೊರಗೆ ತೆಗೆಯಬೇಕು, ಕ್ಯಾಮೆರಾವನ್ನೂ ತೆಗೆದು ಅಡ್ಡಡ್ಡ ಹಾಕಿಕೊಂಡುಬಿಡಿ. ಆ ಕ್ಷಣಕ್ಕಾಗಿಯೇ ಸ್ಟ್ರಾಪ್ ಬ್ಯಾಗಿನ ತಳದಲ್ಲಿರದೆ ಮೇಲೆ ಇರಬೇಕು. ಫಿಲ್ಮ್ ಬಳಸುವವರು ವಿಮಾನ ನಿಲ್ದಾಣದ ತಪಾಸಣೆಯ ಹೊಸ ಸಿಟಿ ಸ್ಕ್ಯಾನರ್ ಒಳಗೆ ರೋಲ್ ಹಾಕದೆ ಕೈಯಲ್ಲಿ ಪರೀಕ್ಷಿಸಲು ಕೇಳಿಕೊಳ್ಳಿ. ಮೆಮರಿ ಕಾರ್ಡಿಗೆ ಅದರಿಂದ ಏನೂ ಆಗುವುದಿಲ್ಲ.

ತುಂಬಿದ ಕಾರ್ಡುಗಳು ಕ್ಯಾಮೆರಾ ಬ್ಯಾಗಿನಲ್ಲಿ ಇರಬಾರದು. ಒಳಜೇಬಿಗೆ ಹೋಗಲಿ. ಬಾಡಿ, ಲೆನ್ಸ್‌ಗಳ ಸೀರಿಯಲ್ ನಂಬರ್ ಫೋಟೊ ತೆಗೆದು ಬಿಲ್ ಜೊತೆ ಆನ್‌ಲೈನ್‌ನಲ್ಲಿ ಇಟ್ಟಿರಿ. ಇಟ್ಟಿರದಿದ್ದರೆ ಹಳೆಯ ಫೋಟೊ ಫೈಲಿನ ಎಕ್ಸಿಫ್ ಮಾಹಿತಿ, ಅಂದರೆ ಕ್ಯಾಮೆರಾ ಫೈಲಿನೊಳಗೆ ತಾನೇ ಬರೆದಿಡುವ ವಿವರ, ತೆರೆದು ನೋಡಿ, ಬಹಳ ಕ್ಯಾಮೆರಾಗಳು ಬಾಡಿಯ ನಂಬರನ್ನು ಅಲ್ಲೇ ಬರೆದಿರುತ್ತವೆ. ವಿಮೆ ಮಾಡಿಸುವಾಗ ಎರಡು ಸಾಲು ಹುಡುಕಿ ಓದಿ: ಯಾರೂ ಇಲ್ಲದ ಕಡೆ ಬಿಟ್ಟಿದ್ದರೆ ಪರಿಹಾರ ಉಂಟಾ, ದುಡಿಮೆಗೆ ಬಳಸಿದರೆ ಉಂಟಾ. ಟ್ರ್ಯಾಕಿಂಗ್ ಟ್ಯಾಗನ್ನು ಬ್ಯಾಗಿನ ಒಳಪದರದ ಹಿಂದೆ ಹೊಲಿಯಬಹುದು. ಆದರೆ ಅಪರಿಚಿತ ಟ್ಯಾಗ್ ಜೊತೆಗಿದೆ ಅಂತ ಸ್ವಲ್ಪ ಹೊತ್ತಿಗೆ ಕದ್ದವರ ಫೋನಿಗೂ ಸೂಚನೆ ಹೋಗುತ್ತದೆ, ಅದರ ಮೇಲೆ ಪೂರ್ತಿ ಭರವಸೆ ಬೇಡ.

ಕೊನೆಗೆ ಸ್ಟ್ರಾಪ್ ತೊಳೆಯುವುದು. ಬೆವರಿನ ಉಪ್ಪು ಕೂತು ಪಟ್ಟಿ ಬಿರುಸಾಗುತ್ತದೆ, ನಾರುತ್ತದೆ ಕೂಡ. ನೈಲಾನ್, ಹತ್ತಿಯದಾದರೆ ಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ವಾಷಿಂಗ್ ಮಶೀನಿಗೆ ಹಾಕಬೇಡಿ. ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೇಗೂ ಬಿಚ್ಚಿರುತ್ತೀರಿ, ಅದೇ ಹೊತ್ತಿಗೆ ಹೊಲಿಗೆ ಬಿಟ್ಟಿದೆಯಾ, ಪ್ಲಾಸ್ಟಿಕ್ ಬಕಲ್ ಸೀಳಿದೆಯಾ, ಉಂಗುರದ ಬಾಯಿ ಅಗಲವಾಗಿದೆಯಾ, ಕ್ಯಾಮೆರಾದ ಕಿವಿಯಲ್ಲಿ ಉಂಗುರ ಉಜ್ಜಿ ತೋಡು ಬಿದ್ದಿದೆಯಾ ನೋಡಿಬಿಡಿ.